ರಮಾಬಾಯಿ ಪುಸ್ತಕ ನಮ್ಮ ಓಣಿಯಲ್ಲಿ ಓದಿದ್ದು

ನಮ್ಮದು ಅಕ್ಕಲಕೋಟ ತಾಲೂಕು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ. ವಿಧವೆಯರ ಓದಿಗಾಗಿ ದುಡಿದ ಪಂಡಿತಾ ರಮಾಬಾಯಿ ಹೆಸರು ಇಲ್ಲಿ ಹೊಸದಲ್ಲ. ದಿಕ್ಕಿಲ್ಲದ ಹೆಂಗಸರಿಗಾಗಿ ಅವರು ಕಟ್ಟಿದ ಮುಕ್ತಿ ಮಿಷನ್ ಇರುವ ಕೇಡಗಾಂವ್ ನಮ್ಮ ಸೋಲಾಪುರ–ಪುಣೆ ರೈಲು ದಾರಿಯಲ್ಲೇ ಸಿಗುತ್ತದೆ. ಆದರೆ ಅವರು ಅಮೆರಿಕದವರಿಗಾಗಿ ಇಂಗ್ಲಿಷಿನಲ್ಲಿ ಬರೆದ ‘ದಿ ಹೈ-ಕಾಸ್ಟ್ ಹಿಂದೂ ವುಮನ್’ (ಮೇಲ್ಜಾತಿಯ ಹಿಂದೂ ಹೆಂಗಸು) ನಮ್ಮ ಓಣಿಯಲ್ಲಿ ಯಾರೂ ಓದಿರಲಿಲ್ಲ. ಅದನ್ನ ದಿನಕ್ಕೆ ಎರಡು ಪುಟ ಕನ್ನಡಕ್ಕೆ ಮಾಡಿಕೊಂಡು, ಮಧ್ಯಾಹ್ನ ಕೆಲಸ ಮುಗಿಸಿ ಬಂದ ಹೆಂಗಸರಿಗೆ ಓದಿ ಹೇಳತೊಡಗಿದೆ.

ಮುನ್ನುಡಿ ಬಿಟ್ಟು ನೇರ ಬಾಲ್ಯದ ಅಧ್ಯಾಯಕ್ಕೆ ಹೋದದ್ದು ನಾನು ಮಾಡಿದ ತಪ್ಪು. ಮೂರನೇ ದಿನ ಒಬ್ಬ ಕಾಕು (ಚಿಕ್ಕಮ್ಮ) ಕೇಳಿದರು: “ಅಕ್ಕೋರ, ಈ ಸಂಕಟ ಎಲ್ಲಾ ನಮ್ಮದು. ಇದನ್ನ ಅಮೆರಿಕಾದವರ ಮುಂದ ಯಾಕ ಹೇಳ್ಯಾಳ ಆಕಿ?” ಉತ್ತರ ಬರಲಿಲ್ಲ. ಅವತ್ತು ರಾತ್ರಿ ಕೂತು ಪುಸ್ತಕವನ್ನ ಮೊದಲ ಪುಟದಿಂದ ಓದಿದೆ, ಅಲ್ಲಿನವರ ಕೈಗೆ ಅದು ಹೇಗೆ ಬಂದಿತ್ತೋ ಹಾಗೆ.

ರಮಾಬಾಯಿ 1883ರಲ್ಲಿ ಇಂಗ್ಲೆಂಡಿನಲ್ಲಿ ಕ್ರೈಸ್ತರಾದವರು. 1886ರಲ್ಲಿ, ಅಮೆರಿಕಕ್ಕೆ ವೈದ್ಯಕೀಯ ಓದಲು ಹೋಗಿದ್ದ ಮರಾಠಿ ಹುಡುಗಿ ಆನಂದಿಬಾಯಿ ಜೋಶಿ ಡಾಕ್ಟರಾಗುವುದನ್ನು ಕಣ್ಣಾರೆ ನೋಡಲು ಫಿಲಡೆಲ್ಫಿಯಾಕ್ಕೆ ಹೋದರು. ಆನಂದಿಬಾಯಿ ಊರಿಗೆ ಬಂದು 1887ರ ಫೆಬ್ರವರಿಯಲ್ಲಿ ತೀರಿಕೊಂಡರು, ಇನ್ನೂ 22 ತುಂಬಿರಲಿಲ್ಲ. ಅದೇ ವರ್ಷ ಫಿಲಡೆಲ್ಫಿಯಾದಲ್ಲಿ ಈ ಪುಸ್ತಕ ಅಚ್ಚಾಯಿತು. ಮುನ್ನುಡಿ ಬರೆದವರು ಆನಂದಿಬಾಯಿ ಓದಿದ ಕಾಲೇಜಿನ ಡೀನ್ ರೇಚಲ್ ಬಾಡ್ಲಿ. ಸಾವಿರ ವರ್ಷದ ಮೌನ ಮುರಿಯಿತು ಅಂತಲೇ ಅವರು ಶುರುಮಾಡುತ್ತಾರೆ. ಅಂದರೆ ಅಲ್ಲಿನ ಓದುಗರು ರಮಾಬಾಯಿಯ ಮಾತಿಗೆ ಬರುವ ಹೊತ್ತಿಗೆ, ತಮ್ಮೂರಲ್ಲೇ ಓದಿ ಹೋದ ಒಂದು ಹುಡುಗಿಯ ಸಾವು ಅವರ ಮನಸ್ಸಿನಲ್ಲಿ ಕೂತಿತ್ತು. ಅದೇ ಮುನ್ನುಡಿಯಲ್ಲಿ ಗಂಗಾಮೂಲದ ಕಾಡು ಬರುತ್ತದೆ, ರಮಾಬಾಯಿ ಹುಟ್ಟಿದ ಜಾಗ, ನಮ್ಮ ಕರ್ನಾಟಕದ ಘಟ್ಟ. ಪುಸ್ತಕದ ಅರ್ಪಣೆ ತಾಯಿ ಲಕ್ಷ್ಮೀಬಾಯಿಗೆ. ಗಂಡನಿಂದ ಸಂಸ್ಕೃತ ಕಲಿತು, ಅದನ್ನ ಮಗಳಿಗೆ ಕಲಿಸಿದ ತಾಯಿ. ಫಿಲಡೆಲ್ಫಿಯಾದ ಪುಸ್ತಕದಲ್ಲಿ ಗಂಗಾಮೂಲ ಅನ್ನೋ ಹೆಸರು ನೋಡಿ ಅವತ್ತು ನನಗೆ ನಿದ್ದೆ ಬರಲಿಲ್ಲ.

ಮರುದಿನ ಕಾಕುಗೆ ಕೊನೆಯ ಅಧ್ಯಾಯ ಓದಿದೆ. ಅಲ್ಲಿ ರಮಾಬಾಯಿ ನೇರವಾಗಿ ಕೇಳುತ್ತಾರೆ, ವಿಧವೆಯರಿಗೆ ಶಾಲೆ ಬೇಕು, ನೆರವು ಕೊಡಿ ಅಂತ. ಓದಿದವರು ಸುಮ್ನೆ ಕಣ್ಣೀರು ಒರೆಸಿಕೊಂಡು ಕೂರಲಿಲ್ಲ. 1887ರ ಡಿಸೆಂಬರಿನಲ್ಲೇ ಬಾಸ್ಟನ್‌ನಲ್ಲಿ ರಮಾಬಾಯಿ ಅಸೋಸಿಯೇಷನ್ ಕಟ್ಟಿ, ಹತ್ತು ವರ್ಷ ದುಡ್ಡು ಕೊಡುವ ಹೊಣೆ ಹೊತ್ತರು. ಶಾಲೆಯಲ್ಲಿ ಧರ್ಮ ಬೋಧನೆ ಇರಬಾರದು ಅಂತಲೂ ಒಪ್ಪಂದ! ಬರೆದಾಕೆ ಕ್ರೈಸ್ತೆ, ಕೊಟ್ಟವರಲ್ಲಿ ಹೆಚ್ಚಿನವರು ಕ್ರೈಸ್ತರು, ಆದರೂ ಹಾಗೆ. 1889ರ ಮಾರ್ಚ್‌ನಲ್ಲಿ ಮುಂಬೈಯಲ್ಲಿ ಆ ಶಾಲೆ, ಶಾರದಾ ಸದನ, ತೆರೆಯಿತು. ಆಗ ಅಮೆರಿಕದ ಹೆಂಗಸರಲ್ಲೇ ಜಾಸ್ತಿ ಜನರಿಗೆ ಮತದ ಹಕ್ಕಿರಲಿಲ್ಲ, ದೇಶಕ್ಕೆಲ್ಲ ಅದು ಬಂದದ್ದು 1920ರಲ್ಲಿ. ಅವರು ಬರೀ ಕನಿಕರದಿಂದ ಕೊಟ್ಟರು ಅಂತ ನನಗೆ ಅನಿಸುವುದಿಲ್ಲ. ಅಲ್ಲಿ ಜಗಳವೂ ಆಯಿತು. ವಿವೇಕಾನಂದರು ಅಮೆರಿಕದಲ್ಲಿ ಮಾತಾಡಿದ ಮೇಲೆ, ವಿಧವೆಯರ ಸ್ಥಿತಿ ನಿಜವಾಗಿ ಹೇಗಿದೆ ಅಂತ 1895ರಲ್ಲಿ ಬ್ರೂಕ್ಲಿನ್‌ನ ರಮಾಬಾಯಿ ಬಳಗಕ್ಕೂ ವಿವೇಕಾನಂದರ ಕಡೆಯವರಿಗೂ ಪತ್ರಿಕೆಗಳಲ್ಲೇ ವಾದ ನಡೆಯಿತು.

ವಿಧವೆಯರ ಅಧ್ಯಾಯದಲ್ಲಿ ಒಂದು ಕಡೆ ರಮಾಬಾಯಿ ‘ರಾಂಡ್’ ಅನ್ನೋ ಪದ ಬಿಡಿಸಿ ಹೇಳುತ್ತಾರೆ. ವಿಧವೆಯನ್ನೂ ವೇಶ್ಯೆಯನ್ನೂ ಒಂದೇ ಪದದಲ್ಲಿ ಕರೆಯುತ್ತಾರೆ ಅಂತ. ಆ ವಾಕ್ಯ ಅಮೆರಿಕದವರಿಗಾಗಿ ಬರೆದದ್ದು, ನಮ್ಮೋರಿಗೆ ಯಾಕೆ, ಆ ಬೈಗುಳ ಗೊತ್ತಿಲ್ಲದವರು ಇಲ್ಲಿ ಯಾರಿದ್ದಾರೆ ಅಂತ ನಾನು ಬಿಟ್ಟಿದ್ದೆ. ಹೀಗೊಂದು ಸಾಲು ಇತ್ತು, ನಾನೇ ಬಿಟ್ಟೆ ಅಂತ ಆಮೇಲೆ ಬಾಯಿತಪ್ಪಿ ಹೇಳಿದೆ. ಕಾಕುಗೆ ಹತ್ತೊಂಬತ್ತಕ್ಕೇ ಗಂಡ ಹೋದದ್ದು. ಸೆರಗಿನ ತುದಿಯನ್ನ ಬೆರಳಿಗೆ ಸುತ್ತಿಕೊಳ್ಳುತ್ತಾ ಕೂತಿದ್ದರು.

“ಬಿಡಬ್ಯಾಡ್ರಿ ಅಕ್ಕೋರ, ಓದ್ರಿ. ಅದು ಬೈಗಳ ಅಂತ ಅಷ್ಟು ದೂರದ ಮಂದಿಗೆ ತಿಳಿಸಿ ಹೇಳ್ಯಾಳಲ್ಲ, ಇಲ್ಲೆ ನಮಗ ಯಾರೂ ಹೇಳಿರಲಿಲ್ಲ.”

ಓದಿದೆ. ಇನ್ನೊಮ್ಮೆ ಅಂದರು. ಇನ್ನೊಮ್ಮೆ ಓದಿದೆ.