ಬೆನ್ನುಹುರಿ, ಮೂತ್ರಕೋಶ, ಪೊಟ್ಯಾಸಿಯಂ ಚಾನಲ್: ಹಾಳೆ-ಪೆನ್ಸಿಲ್ ಹಿಡಿದು ಅರ್ಥ ಮಾಡಿಕೊಳ್ಳುವುದು ಹೇಗೆ

ಜಮಖಂಡಿ ಹತ್ತಿರದ ನಮ್ಮೂರಲ್ಲಿ ಕಾಕಾ ಕಬ್ಬಿನ ಟ್ರಾಲಿ ಮೇಲಿಂದ ಬಿದ್ದರು. ಎದೆಮಟ್ಟದಲ್ಲಿ ಬೆನ್ನುಹುರಿಗೆ ಪೆಟ್ಟಾಯಿತು. ಆಮೇಲೆ ಬಟ್ಟೆ ಒದ್ದೆಯಾದಾಗೆಲ್ಲ ಮನೆಯಲ್ಲಿ ಒಂದೇ ಮಾತು, "ಸ್ವಲ್ಪ ತಡಕೊಳ್ಳಾಕ ಆಗಂಗಿಲ್ಲೇನು?" ಅದನ್ನು ಕೇಳಿ ನನಗೆ ಬಹಳ ಸಂಕಟವಾಗುತ್ತಿತ್ತು. ನಾನು ಬಾಗಲಕೋಟೆಯಲ್ಲಿ ನರ್ಸಿಂಗ್ ಓದುವವರಿಗೆ ಫಿಸಿಯಾಲಜಿ ಹೇಳಿಕೊಡುತ್ತೇನೆ. ಕ್ಲಾಸಿನಲ್ಲಿ ಹೇಳುವುದನ್ನೇ ಒಂದು ದಿನ ಮನೆಯವರನ್ನೆಲ್ಲ ಕೂರಿಸಿಕೊಂಡು ಚಿತ್ರ ಬರೆದು ಹೇಳಿದೆ. ಅದೇ ಇದು. ನೀವೂ ಒಂದು ಹಾಳೆ ತಗೊಳ್ಳಿ.

ಉದ್ದಕ್ಕೆ ಬೆನ್ನುಹುರಿ ಬರೆಯಿರಿ. ಕೆಳತುದಿಯಲ್ಲಿ, ಎಸ್2ರಿಂದ ಎಸ್4ರ ಭಾಗದಲ್ಲಿ (ಎಸ್ ಅಂದರೆ ಸೇಕ್ರಲ್, ಬೆನ್ನುಹುರಿಯ ಕೆಳಗಿನ ಭಾಗ), ಎರಡು ಗುಂಡು ಹಾಕಿ. ಒಂದು ಗುಂಡಿನ ನರಕೋಶಗಳು ಮೂತ್ರಕೋಶ ಹಿಂಡಲು ಹೇಳುತ್ತವೆ. ಇನ್ನೊಂದು ಒನುಫ್ ನ್ಯೂಕ್ಲಿಯಸ್, ಮೂತ್ರದ ದಾರಿಯನ್ನು ಬಿಗಿ ಹಿಡಿಯುವ ಸ್ನಾಯುವಿನದು. ಮೇಲೆ ಮೆದುಳಿನ ಕಾಂಡದಲ್ಲಿ ಮೂರನೇ ಗುಂಡು, ಪಾನ್ಸ್. ಒಂದು ಹಿಂಡುವಾಗ ಇನ್ನೊಂದು ಸಡಿಲ ಬಿಡಬೇಕು ಅಲ್ವಾ? ಆ ಹೊಂದಾಣಿಕೆ ಮಾಡುವುದು ಪಾನ್ಸ್. ಸಿಂಪಥೆಟಿಕ್ ನರಗಳನ್ನು ಸದ್ಯಕ್ಕೆ ಬಿಡಿ, ಮೊದಲ ಸಲಕ್ಕೇ ಎಲ್ಲ ತುಂಬಿದರೆ ತಲೆ ಕೆಡುತ್ತದೆ.

ಈಗ ಪಕ್ಕದಲ್ಲಿ ಒಂದೇ ನರಕೋಶವನ್ನು ದೊಡ್ಡದಾಗಿ ಬರೆಯಿರಿ. ಒಳಗೆ ಪೊಟ್ಯಾಸಿಯಂ 140, ಹೊರಗೆ 4 ಅಂತ ಹಾಕಿ. ಇದು ಮಿಲಿಮೋಲ್ ಲೆಕ್ಕ, ಸುಮಾರು. ಚಾನಲ್ ಅಂದರೆ ಕೋಶದ ಪೊರೆಯಲ್ಲಿರುವ ತೂಬು. ತೂಬು ತೆರೆದರೆ ಪೊಟ್ಯಾಸಿಯಂ ಹೊರಗೆ ಹರಿಯುತ್ತದೆ. ಅದರ ಜೊತೆ ಪಾಸಿಟಿವ್ ಚಾರ್ಜೂ ಹೋಗುವುದರಿಂದ ಒಳಭಾಗ ಮೈನಸ್ 90 ಮಿಲಿವೋಲ್ಟ್ ಕಡೆಗೆ ಇಳಿಯುತ್ತದೆ. ನರಕೋಶ ಸಂಕೇತ ಕಳಿಸಬೇಕಾದರೆ ಮೈನಸ್ 50ರ ಆಸುಪಾಸಿಗೆ ಏರಬೇಕು. ಹಾಗಾಗಿ ಪೊಟ್ಯಾಸಿಯಂ ತೂಬು ತೆರೆದಷ್ಟೂ ನರಕೋಶ ಸುಮ್ನೆ ಕೂರುತ್ತದೆ. ಇದು ಗಟ್ಟಿಯಾಗುವವರೆಗೆ ಮುಂದೆ ಹೋಗಬೇಡಿ.

ನಮ್ಮ ಹುಡುಗರು ಎಡವುವುದು ಇಲ್ಲೇ. ಪೊಟ್ಯಾಸಿಯಂ ತೂಬುಗಳಲ್ಲಿ ಹಲವು ಬಗೆ, ಕೆವಿ1, ಕೆವಿ4, ಕೆವಿ7, ಎಸ್‌ಕೆ ಅಂತ ಹೆಸರು ಬಾಯಿಪಾಠ ಮಾಡುತ್ತಾರೆ. ಬೇಡ. ಪ್ರತಿ ತೂಬಿಗೂ ಎರಡು ಪ್ರಶ್ನೆ ಕೇಳಿ: ಯಾವಾಗ ತೆರೆಯುತ್ತದೆ? ಎಷ್ಟು ಹೊತ್ತು ತೆರೆದಿರುತ್ತದೆ? ಎ-ಕರೆಂಟ್ ಅನ್ನುವ ಪೊಟ್ಯಾಸಿಯಂ ಹರಿವಿನ ತೂಬು ಥಟ್ಟನೆ ತೆರೆದು ಬೇಗ ಮುಚ್ಚುತ್ತದೆ, ಅದಕ್ಕೇ ಮೊದಲ ಸಂಕೇತ ತಡವಾಗುತ್ತದೆ. ಎಸ್‌ಕೆ ತೆರೆಯುವುದು ಸಂಕೇತ ಹೋದ ಮೇಲೆ, ಒಳಗೆ ಬಂದ ಕ್ಯಾಲ್ಸಿಯಂನಿಂದ. ಹಾಗಾಗಿ ಒಂದು ಸಂಕೇತಕ್ಕೂ ಮುಂದಿನದಕ್ಕೂ ನಡುವೆ ಅಂತರ ಬೀಳುತ್ತದೆ. ಕೆವಿ7 ನಿಧಾನಕ್ಕೆ ತೆರೆದು ಹಾಗೇ ಉಳಿಯುತ್ತದೆ, ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಗಾಡಿ ಓಡಿಸಿದ ಹಾಗೆ.

ಇದನ್ನು ಗೆರೆಯಲ್ಲಿ ಬರೆದು ನೋಡಿ, ಒಂದು ಸಂಕೇತಕ್ಕೆ ಒಂದು ಗೆರೆ. ಇಲಿಗಳಲ್ಲಿ ಮೂತ್ರಕೋಶ ಹಿಂಡಿಸುವ ನರಕೋಶಗಳು ಎರಡು ಬಗೆ. ಒಂದು ಬಗೆಯವು ಪ್ರಚೋದನೆ ಇರುವಷ್ಟು ಹೊತ್ತೂ ಸಂಕೇತ ಕಳಿಸುತ್ತಲೇ ಇರುತ್ತವೆ, ಇವು ಟಾನಿಕ್. ಇನ್ನೊಂದು ಬಗೆಯವು ಮೊದಲಿಗೆ ಒಂದೆರಡು ಕಳಿಸಿ ನಿಂತುಬಿಡುತ್ತವೆ, ಇವು ಫೇಸಿಕ್. ಫೇಸಿಕ್ ಕೋಶಕ್ಕೆ 4-ಅಮಿನೋಪಿರಿಡಿನ್ ಹಾಕಿ ಕೆಲವು ಪೊಟ್ಯಾಸಿಯಂ ತೂಬು ಮುಚ್ಚಿದರೆ ಅದೂ ಟಾನಿಕ್ ಥರ ಕಳಿಸುತ್ತ ಹೋಗುತ್ತದೆ. ಅದೇ ಕೋಶ, ಅದೇ ಪ್ರಚೋದನೆ, ತೂಬು ಮಾತ್ರ ಬೇರೆ! ನನಗೆ ಈ ಪಾಠದಲ್ಲಿ ಎಲ್ಲಕ್ಕಿಂತ ಇಷ್ಟವಾದ ಜಾಗ ಇದು.

ಔಷಧದ ಕಡೆಯಿಂದಲೂ ಒಂದು ಪುರಾವೆ ಇದೆ. ರೆಟಿಗಾಬಿನ್ ಅನ್ನುವ ಮೂರ್ಛೆರೋಗದ ಮಾತ್ರೆ ಕೆವಿ7 ತೂಬು ತೆರೆಯುತ್ತಿತ್ತು. ಅದನ್ನು ತಗೊಂಡ ಕೆಲವರಿಗೆ ಮೂತ್ರ ಕಟ್ಟುತ್ತಿತ್ತು. 2017ರಲ್ಲಿ ಅದು ಮಾರುಕಟ್ಟೆಯಿಂದ ಹೋಯಿತು. ಆದರೆ ಕೆವಿ7 ಮೂತ್ರಕೋಶದ ಸ್ನಾಯುವಿನಲ್ಲೂ ಇರುತ್ತದೆ, ಎಲ್ಲವನ್ನೂ ಬೆನ್ನುಹುರಿಯ ಲೆಕ್ಕಕ್ಕೆ ಬರೆಯಬೇಡಿ.

ಈಗ ಮೂತ್ರಕೋಶದಿಂದ ಬೆನ್ನುಹುರಿಗೆ ವಾಪಸ್ ಬರುವ ಗೆರೆ ಎಳೆಯಿರಿ. ತುಂಬಿದ ಸುದ್ದಿ ತರುವ ನರಗಳು ಇವು. ಇವುಗಳಲ್ಲಿ ಸಿ-ಫೈಬರ್ ಅನ್ನುವವಕ್ಕೆ ನಮ್ಮ ಸಂಕೇಶ್ವರ ಮೆಣಸಿನಕಾಯಿಯ ಖಾರವೂ ತಾಗುತ್ತದೆ, ಕ್ಯಾಪ್ಸೈಸಿನ್ ಅನ್ನುವುದು ಅದೇ. ಬೆನ್ನುಹುರಿಗೆ ಪೆಟ್ಟಾದ ಇಲಿಗಳಲ್ಲಿ ಈ ನರಕೋಶಗಳ ಎ-ಕರೆಂಟ್ ಕಡಿಮೆಯಾಗುತ್ತದೆ. ಬ್ರೇಕ್ ಸಡಿಲ, ಸಣ್ಣ ಸುದ್ದಿಗೂ ದೊಡ್ಡ ಕೂಗು.

ಕೊನೆಗೆ ಪಾನ್ಸ್‌ಗೂ ಕೆಳಗಿನ ಗುಂಡುಗಳಿಗೂ ನಡುವೆ ಅಡ್ಡ ಗೆರೆ ಹಾಕಿ. ಕಾಕಾಗೆ ಆದದ್ದು ಇದು. ಮೊದಲು ಕೆಲವು ವಾರ ಮೂತ್ರಕೋಶ ಹಿಂಡುವುದೇ ಇಲ್ಲ. ಆಮೇಲೆ ಕೆಳಗಿನ ಗುಂಡುಗಳು ತಮ್ಮಷ್ಟಕ್ಕೆ ಕೆಲಸ ಶುರು ಮಾಡುತ್ತವೆ, ಆದರೆ ಹೊಂದಾಣಿಕೆ ಇಲ್ಲ. ಮೂತ್ರಕೋಶ ಹಿಂಡುತ್ತಿರುವಾಗಲೇ ಮೂತ್ರದ ದಾರಿಯ ಸ್ನಾಯು ಬಿಗಿಯುತ್ತದೆ. ಒತ್ತಡ ಏರಿ ಕಿಡ್ನಿಗೂ ಪೆಟ್ಟು ಬೀಳಬಹುದು. ಡಾಕ್ಟರು ಹೊತ್ತು ಹೊತ್ತಿಗೆ ಕ್ಯಾಥಿಟರ್ (ಮೂತ್ರ ತೆಗೆಯುವ ನಳಿಕೆ) ಹಾಕಿ ಖಾಲಿ ಮಾಡಿ ಅನ್ನುವುದು ಅದಕ್ಕೇ.

ಇಷ್ಟು ಹೇಳಿದ ಮೇಲೆ ಚಿಗವ್ವ ಕೇಳಿದಳು, "ಹಂಗಾರ ಬಾಳೆಹಣ್ಣು, ಎಳನೀರು ಜಾಸ್ತಿ ಕೊಡಲೇನು?" ನಿಮ್ಮ ಮನೆಯಲ್ಲೂ ಕೇಳುತ್ತಾರೆ. ಬೇಡ ಅಂತ ಸ್ಪಷ್ಟವಾಗಿ ಹೇಳಿ. ಕೆಟ್ಟಿರುವುದು ತೂಬು ಮತ್ತು ದಾರಿ, ಪೊಟ್ಯಾಸಿಯಂ ಕೊರತೆಯಲ್ಲ. ಕಿಡ್ನಿ ಸೋತಿದ್ದರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯಕ್ಕೇ ಅಪಾಯ.

ಆ ಹಾಳೆಯನ್ನು ಚಿಗವ್ವ ಕಾಕಾನ ಮಂಚದ ಪಕ್ಕದ ಗೋಡೆಗೆ ಅಂಟಿಸಿದ್ದಾಳೆ. ಅಡ್ಡ ಗೆರೆಯ ಕೆಳಗೆ ಕ್ಯಾಥಿಟರ್ ಹಾಕುವ ಹೊತ್ತು ಬರೆದಿದ್ದಾಳೆ.