ಹಾಸನದಲ್ಲಿ ಜಿಯೋಕ್ಯಾಶಿಂಗ್: ನಮ್ಮ ಮನೆಮಂದಿ ಶುರು ಮಾಡಿದ್ದು ಹೀಗೆ

ಜಿಯೋಕ್ಯಾಶಿಂಗ್ ಅಂದ್ರೆ ಏನು ಅಂತ ಗೊತ್ತಿಲ್ಲದವರಿಗೆ ಮೊದಲು ಎರಡು ಮಾತು. ಯಾರೋ ಒಬ್ಬರು ಒಂದು ಡಬ್ಬಿಯನ್ನು ಎಲ್ಲೋ ಬಚ್ಚಿಟ್ಟು, ಆ ಜಾಗದ ಅಕ್ಷಾಂಶ ರೇಖಾಂಶವನ್ನು ವೆಬ್‌ಸೈಟಿಗೆ ಹಾಕುತ್ತಾರೆ. ಉಳಿದವರು ಜಿಪಿಎಸ್ ಹಿಡಿದು ಹುಡುಕಿಕೊಂಡು ಹೋಗುತ್ತಾರೆ. ಸಿಕ್ಕರೆ ಒಳಗಿರುವ ಪುಟ್ಟ ಪುಸ್ತಕದಲ್ಲಿ ಹೆಸರು, ತಾರೀಖು ಬರೆದು, ಡಬ್ಬಿಯನ್ನು ಇದ್ದ ಜಾಗದಲ್ಲೇ ಇದ್ದ ಹಾಗೇ ಇಡಬೇಕು. ಆ ಡಬ್ಬಿಗೇ ಕ್ಯಾಶ್ ಅನ್ನುವುದು. 2000ನೇ ಇಸವಿಯ ಮೇ ತಿಂಗಳ ಮೊದಲಲ್ಲಿ ಅಮೆರಿಕ ಸರ್ಕಾರ, ಸಾಮಾನ್ಯ ಜನರ ಜಿಪಿಎಸ್ ಸಿಗ್ನಲ್‌ನಲ್ಲಿ ಬೇಕಂತಲೇ ಸೇರಿಸುತ್ತಿದ್ದ ತಪ್ಪನ್ನು ನಿಲ್ಲಿಸಿತು, ಜಾಗ ಮೊದಲಿಗಿಂತ ಸರಿಯಾಗಿ ತೋರಿಸತೊಡಗಿತು. ಅದಾದ ಕೂಡಲೇ, ಮೇ 3ಕ್ಕೆ, ಡೇವ್ ಉಲ್ಮರ್ ಎಂಬವರು ಒರೆಗಾನ್‌ನಲ್ಲಿ ಒಂದು ಬಕೆಟ್ ಬಚ್ಚಿಟ್ಟು ಜನರನ್ನು ಹುಡುಕಲು ಕರೆದರು. ಆಟ ಹುಟ್ಟಿದ್ದು ಹಾಗೆ.

ನಮ್ಮ ಕಡೆ ಇದಕ್ಕೆ ಒಂದು ತೊಡಕಿದೆ. ಬೆಂಗಳೂರಿನ ನಕ್ಷೆ ತೆರೆದರೆ ಕಾಣುವಷ್ಟು ಕ್ಯಾಶ್‌ಗಳು ಹಾಸನ, ಚಿಕ್ಕಮಗಳೂರಿನ ಕಡೆ ಕಾಣುವುದಿಲ್ಲ. ಇದ್ದರೂ ದೂರ ದೂರ. ಮಕ್ಕಳನ್ನು ಹೊರಡಿಸಿಕೊಂಡು ಅಷ್ಟು ದೂರ ಹೋಗಿ, ಡಬ್ಬಿ ಸಿಗದೆ ವಾಪಸ್ ಬಂದರೆ ಮುಂದಿನ ಭಾನುವಾರ ಯಾರೂ ಏಳುವುದಿಲ್ಲ ಅಲ್ವಾ? ಅದಕ್ಕೇ ನಾವು ಹುಡುಕುವುದರಿಂದ ಶುರು ಮಾಡಲಿಲ್ಲ, ಬಚ್ಚಿಡುವುದರಿಂದ ಶುರು ಮಾಡಿದೆವು. ಬೇಲೂರಿನ ಆಚೆ ನಮ್ಮ ಅಣ್ಣನ ಕಾಫಿ ತೋಟ ಇದೆ. ಅಣ್ಣ ಒಪ್ಪಿದ, ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವ ರೈಟರಿಗೂ ಹೇಳಿಟ್ಟ. ಮಕ್ಕಳ ಕೈಗೆ ಫೋನ್ ಕೊಟ್ಟು, ಡಬ್ಬಿ ಇಡುವ ಜಾಗ ಅವರೇ ಗುರುತು ಮಾಡಲಿ ಅಂತ ಬಿಟ್ಟೆವು. ಒಂದು ಜಾಗದ ಅಂಕಿಗಳನ್ನು ತಾವೇ ಬರೆದುಕೊಂಡ ಮಕ್ಕಳಿಗೆ ಬೇರೆಯವರ ಅಂಕಿ ಹಿಡಿದು ಹೋಗುವುದು ತಾನಾಗಿಯೇ ಬರುತ್ತದೆ.

ಈಗ ಎಲ್ಲರೂ ಕೇಳುವ ವಿಷಯ, ಸಾಫ್ಟ್‌ವೇರ್. ನಾನು ಒಂದೇ ಒಂದು ಪರೀಕ್ಷೆಯ ಮೇಲೆ ಆರಿಸಿದ್ದು: ನೆಟ್‌ವರ್ಕ್ ಹೋದ ಮೇಲೆ ಆ ಆ್ಯಪ್ ಕೆಲಸಕ್ಕೆ ಬರುತ್ತದಾ ಇಲ್ಲವಾ? ಸಕಲೇಶಪುರ ದಾಟಿ ಘಾಟಿಗೆ ಇಳಿದರೆ, ಅಥವಾ ತೋಟದ ಒಳಗೆ ಒಂದು ತಿರುವು ಹೋದರೆ ಸಾಕು, ಸಿಗ್ನಲ್ ಇರುವುದಿಲ್ಲ. ಇಲ್ಲೊಂದು ವಿಷಯ ತಿಳಿದಿರಬೇಕು. ಜಿಪಿಎಸ್‌ಗೆ ನೆಟ್‌ವರ್ಕ್ ಬೇಡ, ಅದು ಉಪಗ್ರಹದಿಂದ ನೇರವಾಗಿ ಬರುತ್ತದೆ. ನೆಟ್‌ವರ್ಕ್ ಬೇಕಾಗುವುದು ನಕ್ಷೆಗೆ ಮತ್ತು ಕ್ಯಾಶಿನ ವಿವರಕ್ಕೆ. ಅವೆರಡನ್ನೂ ಮನೆಯಲ್ಲೇ ಇಳಿಸಿಕೊಂಡಿದ್ದರೆ ಸಿಮ್ ಇಲ್ಲದ ಹಳೇ ಫೋನೂ ಸಾಕು. ಹೊರಡುವ ಹಿಂದಿನ ರಾತ್ರಿ ವೈಫೈ, ಡೇಟಾ ಎರಡನ್ನೂ ಆಫ್ ಮಾಡಿ, ನಕ್ಷೆ ತೆರೆಯುತ್ತದಾ, ಸುಳಿವು ಕಾಣುತ್ತದಾ, ಹಿಂದೆ ಹುಡುಕಿದವರು ಬರೆದದ್ದು ಓದಲು ಸಿಗುತ್ತದಾ ಅಂತ ನೋಡಿಬಿಡಿ. ಈ ಪರೀಕ್ಷೆಯಲ್ಲಿ ಪಾಸಾಗದ ಆ್ಯಪ್ ಮಲೆನಾಡಿಗೆ ಬೇಡ.

ಖಾತೆಯನ್ನು ಜಿಯೋಕ್ಯಾಶಿಂಗ್ ಡಾಟ್ ಕಾಮ್‌ನಲ್ಲಿ ತೆರೆಯಿರಿ, ಅದು ಉಚಿತ. 2000ನೇ ಇಸವಿಯಲ್ಲೇ ಶುರುವಾದ ತಾಣ ಇದು, ಜಾಸ್ತಿ ಕ್ಯಾಶ್‌ಗಳು ಇರುವುದೂ ಇದರಲ್ಲೇ. ಅವರದೇ ಆ್ಯಪ್ ಇದೆ, ನೋಡಲು ಚೆಂದ, ಹೊಸಬರಿಗೆ ಸುಲಭ. ಆದರೆ ಉಚಿತ ಖಾತೆಯಲ್ಲಿ ಆ ಆ್ಯಪ್ ಎಲ್ಲ ಕ್ಯಾಶ್‌ಗಳನ್ನೂ ಪೂರ್ತಿ ತೋರಿಸುವುದಿಲ್ಲ, ಪಟ್ಟಿಯನ್ನು ಆಫ್‌ಲೈನ್ ಇಟ್ಟುಕೊಳ್ಳಬೇಕಾದರೆ ಪ್ರೀಮಿಯಂ ಚಂದಾ ಕಟ್ಟಬೇಕು. ಡಬ್ಬಿಗಳೇ ಕಡಿಮೆ ಇರುವ ನಮ್ಮ ಜಿಲ್ಲೆಯಲ್ಲಿ ಶುರುವಿಗೇ ದುಡ್ಡು ಕಟ್ಟುವುದು ಬೇಡ ಅನ್ನುವುದು ನನ್ನ ಅಭಿಪ್ರಾಯ.

ನಾನು ದಿನಾ ಬಳಸುವುದು ಸಿ-ಜಿಯೋ. ಆಂಡ್ರಾಯ್ಡ್‌ಗೆ ಮಾತ್ರ ಇರುವ ಆ್ಯಪ್, ಉಚಿತ, ಓಪನ್ ಸೋರ್ಸ್. ಮೇಲೆ ಹೇಳಿದ ಖಾತೆಯಿಂದಲೇ ಒಳಗೆ ಹೋಗಬಹುದು. ಕ್ಯಾಶಿನ ವಿವರವನ್ನೆಲ್ಲ ಫೋನಿನಲ್ಲಿ ಉಳಿಸಿಕೊಳ್ಳುತ್ತದೆ, ಜನರೇ ಸೇರಿ ಮಾಡಿದ ಓಪನ್‌ಸ್ಟ್ರೀಟ್‌ಮ್ಯಾಪ್‌ನ ಉಚಿತ ನಕ್ಷೆಯನ್ನು ಇಳಿಸಿಕೊಳ್ಳಬಹುದು, ದಿಕ್ಸೂಚಿ ಇದೆ. ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದಿದ್ದು ಮಾತ್ರ ಬೇರೆ: ವೆಬ್‌ಸೈಟಿಗೆ ಹಾಕದೆ, ನಮ್ಮದೇ ಕ್ಯಾಶ್ ಒಂದನ್ನು ಆ್ಯಪ್ ಒಳಗೆ ಬರೆದಿಟ್ಟುಕೊಳ್ಳಬಹುದು. ಅಣ್ಣನ ತೋಟದ ಡಬ್ಬಿಗಳೆಲ್ಲ ಹಾಗೆ ನಮ್ಮ ಫೋನುಗಳಲ್ಲಿ ಮಾತ್ರ ಇವೆ, ಜಿಪಿಎಕ್ಸ್ ಅನ್ನುವ, ಜಾಗದ ಅಂಕಿಗಳನ್ನು ತುಂಬಿಡುವ ಫೈಲ್ ಮಾಡಿ ಅತ್ತಿಗೆಯ ಫೋನಿಗೂ ಕಳಿಸಿದೆ. ನಮ್ಮ ಮನೆಯವರದು ಐಫೋನ್. ಅದರಲ್ಲಿ ಸಿ-ಜಿಯೋ ಬರುವುದಿಲ್ಲ, ಕ್ಯಾಚ್ಲಿ ಅಂತ ದುಡ್ಡು ಕೊಟ್ಟು ತೆಗೆದುಕೊಳ್ಳುವ ಆ್ಯಪ್ ಇದೆ. ಅವರು ಸದ್ಯಕ್ಕೆ ಆರ್ಗ್ಯಾನಿಕ್ ಮ್ಯಾಪ್ಸ್ ಹಾಕಿಕೊಂಡಿದ್ದಾರೆ, ಆಫ್‌ಲೈನ್ ನಕ್ಷೆಯ ಮಟ್ಟಿಗೆ ಅದು ಸಾಕು. ಜಿಸ್ಯಾಕ್ ಅನ್ನುವ ವಿಂಡೋಸ್ ತಂತ್ರಾಂಶದ ಹೆಸರೂ ನಿಮ್ಮ ಕಣ್ಣಿಗೆ ಬೀಳಬಹುದು. ಸಾವಿರಗಟ್ಟಲೆ ಕ್ಯಾಶ್‌ಗಳ ಲೆಕ್ಕ ಇಡುವವರಿಗೆ ಅದು ಬೇಕು, ನಮಗಲ್ಲ. ಕೈಲಿ ಹಿಡಿಯುವ ಪ್ರತ್ಯೇಕ ಜಿಪಿಎಸ್ ಸಾಧನವೂ ಈಗಲೇ ಬೇಡ. ಮುಂದೆ ಕೊಳ್ಳುವುದಾದರೆ ಉಪಗ್ರಹದ ಮೂಲಕ ಮೆಸೇಜ್ ಕಳಿಸುವ ಸೌಲಭ್ಯ ಇರುವುದನ್ನು ಕೊಳ್ಳಬೇಡಿ, ನಮ್ಮ ದೇಶದಲ್ಲಿ ಅಂಥದ್ದಕ್ಕೆ ಸರ್ಕಾರದ ಅನುಮತಿ ಬೇಕು.

ಅಂಕಿ ಬರೆಯುವ ರೀತಿ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಹೊಸಬರು ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಗೂಗಲ್ ಮ್ಯಾಪ್‌ನಲ್ಲಿ ಒಂದು ಜಾಗ 13.005 ಅಂತ ಕಾಣುತ್ತದೆ. ಜಿಯೋಕ್ಯಾಶಿಂಗ್‌ನಲ್ಲಿ ಅದನ್ನೇ ಡಿಗ್ರಿ ಮತ್ತು ನಿಮಿಷದಲ್ಲಿ ಬರೆಯುತ್ತಾರೆ, 13° 00.300' ಅಂತ. ಒಂದು ಡಿಗ್ರಿಗೆ 60 ನಿಮಿಷ, ಆದ್ದರಿಂದ 0.005 ಅನ್ನು 60ರಿಂದ ಗುಣಿಸಿದರೆ 0.3 ಬರುತ್ತದೆ. ಗುಣಿಸದೆ 13° 00.500' ಅಂತ ಹಾಕಿಬಿಟ್ಟರೆ ಸುಮಾರು 370 ಮೀಟರ್ ಉತ್ತರಕ್ಕೆ ಹೋಗಿ ನಿಲ್ಲುತ್ತೀರಿ, ಅಂದರೆ ಪಕ್ಕದವರ ತೋಟದಲ್ಲಿ. ನಿಮಿಷದ ಕೊನೆಯ ಅಂಕಿ ಒಂದು ಹೆಚ್ಚಾದರೆ 1.85 ಮೀಟರ್ ವ್ಯತ್ಯಾಸ. ಶಾಲೆಯಲ್ಲಿ ದಶಮಾಂಶ ಅಂದರೆ ಮುಖ ತಿರುಗಿಸುತ್ತಿದ್ದ ನನ್ನ ಮಗಳು ಈ ಲೆಕ್ಕವನ್ನು ಈಗ ಕಾರಿನಲ್ಲಿ ಕೂತು ಬಾಯಲ್ಲೇ ಮಾಡುತ್ತಾಳೆ. ನನಗೆ ಅದು ಬಹಳ ಖುಷಿ.

ಇನ್ನು ಫೋನಿನ ಕೆಲಸ ಎಲ್ಲಿಗೆ ಮುಗಿಯುತ್ತದೆ ಅನ್ನುವುದು. ಬಯಲಲ್ಲಿ ಫೋನ್ ಕೆಲವೇ ಮೀಟರ್ ಹತ್ತಿರಕ್ಕೆ ತರುತ್ತದೆ. ಸಿಲ್ವರ್ ಓಕ್ ಮರಗಳ ಅಡಿಯಲ್ಲಿ, ಬಂಡೆಯ ಪಕ್ಕದಲ್ಲಿ ಬಾಣದ ಗುರುತು ಅಲ್ಲಿಂದಿಲ್ಲಿಗೆ ಕುಣಿಯುತ್ತದೆ. ಆಗ ಫೋನನ್ನು ಜೇಬಿಗೆ ಹಾಕಬೇಕು. ಸುಮ್ನೆ ನಿಂತು, ನಾನಾಗಿದ್ದರೆ ಎಲ್ಲಿ ಇಡುತ್ತಿದ್ದೆ ಅಂತ ಸುತ್ತ ನೋಡಬೇಕು. ಕಲ್ಲು ಬೇಕಂತ ಜೋಡಿಸಿದ ಹಾಗಿದೆಯಾ, ತರಗೆಲೆ ಒಂದೇ ಕಡೆ ಗುಡ್ಡೆಯಾಗಿದೆಯಾ? ಇದರಲ್ಲಿ ನಮ್ಮತ್ತೆಯನ್ನು ಮೀರಿಸುವವರಿಲ್ಲ. ತೋಟದಲ್ಲೇ ಬೆಳೆದವರು, ಎಲ್ಲಿ ಏನು ಜರುಗಿದೆ ಅಂತ ಅವರ ಕಣ್ಣಿಗೆ ಥಟ್ಟನೆ ಹೊಳೆಯುತ್ತದೆ. ಬಚ್ಚಿಡುವಾಗಲೂ ಅಂಕಿಯನ್ನು ಒಂದೇ ಸಲ ನೋಡಿ ಬರೆದುಕೊಳ್ಳಬೇಡಿ. ಸ್ವಲ್ಪ ದೂರ ಹೋಗಿ ಬೇರೆ ದಿಕ್ಕಿನಿಂದ ಮತ್ತೆ ಬಂದು ನೋಡಿ, ಬಂದ ಅಂಕಿಗಳ ಸರಾಸರಿ ತೆಗೆಯಿರಿ.

ಡಬ್ಬಿ ಅಂದರೆ ರಬ್ಬರ್ ಪಟ್ಟಿ ಇರುವ, ನಾಲ್ಕೂ ಕಡೆ ಲಾಕ್ ಆಗುವ ಪ್ಲಾಸ್ಟಿಕ್ ಡಬ್ಬಿ. ನಮ್ಮ ಮಳೆಗೆ ಬೇರೆ ಯಾವುದೂ ತಡೆಯುವುದಿಲ್ಲ. ಪುಸ್ತಕವನ್ನು ಜಿಪ್ ಕವರ್‌ಗೆ ಹಾಕಿ, ಜೊತೆಗೆ ಪೆನ್ಸಿಲ್ ಇಡಿ, ಪೆನ್ನಿನ ಇಂಕು ತೇವಕ್ಕೆ ಹರಡಿಕೊಳ್ಳುತ್ತದೆ. ತಿನ್ನುವ ಪದಾರ್ಥ ಇಡಬಾರದು, ಇರುವೆ ಇಲಿ ಬರುತ್ತವೆ. ಗೋಲಿ, ಗುಂಡಿ, ಪುಟ್ಟ ಗೊಂಬೆ ಇಟ್ಟರೆ ಮಕ್ಕಳು ಒಂದು ತೆಗೆದುಕೊಂಡು ಒಂದು ಇಡುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್ ತನಕ ನಾವು ಹೋಗುವುದೇ ಇಲ್ಲ, ಇಂಬಳದ, ಅಂದರೆ ರಕ್ತ ಹೀರುವ ಜಿಗಣೆಯ ಕಾಟ. ಆಲೂರು, ಸಕಲೇಶಪುರದ ಕಡೆ ಆನೆ ಓಡಾಟ ಇದ್ದರೆ ಯಾವ ತಿಂಗಳಾದರೂ ಹೋಗಬೇಡಿ, ಊರಿನವರನ್ನು ಕೇಳಿಯೇ ಹೊರಡಿ.

ದೇವಸ್ಥಾನಗಳಲ್ಲಿ ಡಬ್ಬಿ ಇಡಲೇಬೇಡಿ. ಬೇಲೂರು, ಹಳೇಬೀಡು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿರುವ ಜಾಗಗಳು, ಅಲ್ಲಿ ಒಂದು ಕಲ್ಲನ್ನೂ ಅಲುಗಿಸಬಾರದು. ಆದರೆ ಅಲ್ಲಿಂದ ಅಂಕಿ ತೆಗೆದುಕೊಳ್ಳಬಹುದು! ಮಲ್ಟಿ ಕ್ಯಾಶ್ ಅನ್ನುವ ಬಗೆಯಲ್ಲಿ ಒಂದೊಂದು ಜಾಗದಲ್ಲಿ ಒಂದೊಂದು ಉತ್ತರ ಹುಡುಕಿ, ಎಲ್ಲ ಸೇರಿಸಿದರೆ ಕೊನೆಯ ಡಬ್ಬಿಯ ಜಾಗ ಸಿಗುತ್ತದೆ. ನಾವು ಮಾಡಿದ್ದು ಹೀಗೆ. ಹಾಸನದಿಂದ ಬೇಲೂರಿಗೆ ಹೋಗುವ ದಾರಿಯಲ್ಲಿ ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ದೇವಸ್ಥಾನದಲ್ಲಿ ಗರ್ಭಗುಡಿ ಎಷ್ಟು? ನಾಲ್ಕು. ಹಳೇಬೀಡಿನ ಹೊಯ್ಸಳೇಶ್ವರದಲ್ಲಿ? ಎರಡು. ಬೇಲೂರಿನ ಚೆನ್ನಕೇಶವ ದೇವಸ್ಥಾನ ಕಟ್ಟಿಸಿದ ಇಸವಿಯ ಕೊನೆಯ ಅಂಕಿ? 1117, ಅಂದರೆ ಏಳು. 427 ಅನ್ನುವುದು ತೋಟದ ಡಬ್ಬಿಯ ಅಕ್ಷಾಂಶದ ಕೊನೆಯ ಮೂರು ಅಂಕಿ. ಆ ದೇವಸ್ಥಾನಗಳಿಗೆ ಮಕ್ಕಳು ಮೊದಲೂ ಹೋಗಿದ್ದರು, ಆದರೆ ಈ ಸಲ ಒಳಗೆ ಹೋಗಿ ಎಣಿಸಿದರು, ಮಾರ್ಗದರ್ಶಿಯ ಹತ್ತಿರ ಪ್ರಶ್ನೆ ಕೇಳಿದರು. ಸಕಲೇಶಪುರದ ಮಂಜರಾಬಾದ್ ಕೋಟೆಗೂ ಹೀಗೇ ಒಂದು ಮಾಡಬೇಕು ಅಂತ ಮಗ ಹೇಳುತ್ತಿದ್ದಾನೆ, ನಕ್ಷತ್ರದಾಕಾರದ ಆ ಕೋಟೆಗೆ ಎಂಟು ಮೂಲೆ.

ತೋಟದ ಆಟ ಕೈಗೆ ಹತ್ತಿದ ಮೇಲೆ ವೆಬ್‌ಸೈಟಿಗೆ ಹಾಕುವ ಯೋಚನೆ ಮಾಡಿ. ಪ್ರಕಟವಾಗುವ ಮೊದಲು ಸ್ವಯಂಸೇವಕರು ಪರಿಶೀಲಿಸುತ್ತಾರೆ. ಬೇರೆ ಕ್ಯಾಶ್‌ನಿಂದ ಕನಿಷ್ಠ 161 ಮೀಟರ್ ದೂರ ಇರಬೇಕು, ಜಾಗದ ಮಾಲೀಕರ ಒಪ್ಪಿಗೆ ಇರಬೇಕು, ನೆಲ ಅಗೆದು ಹೂಳಬಾರದು. ಅಣೆಕಟ್ಟು, ರೈಲು ಹಳಿ, ಶಾಲೆಯ ಹತ್ತಿರ ಬೇಡವೇ ಬೇಡ, ಬಚ್ಚಿಟ್ಟ ಡಬ್ಬಿ ನೋಡಿದರೆ ಜನ ಗಾಬರಿಯಾಗುತ್ತಾರೆ. ಒಳಗಿನದು ಕಾಣುವ ಹಾಗೆ ಪಾರದರ್ಶಕ ಡಬ್ಬಿಯನ್ನೇ ಬಳಸಿ, ಇದು ಆಟದ ಡಬ್ಬಿ ಅಂತ ಕನ್ನಡದಲ್ಲಿ ದೊಡ್ಡದಾಗಿ ಬರೆದು ಅಂಟಿಸಿ. ಮಳೆಗಾಲ ಮುಗಿದ ಕೂಡಲೇ ಹೋಗಿ ಪುಸ್ತಕ ಒದ್ದೆಯಾಗಿದೆಯಾ ನೋಡಿ ಬದಲಾಯಿಸುವಷ್ಟು ಹತ್ತಿರದ ಜಾಗವನ್ನೇ ಆರಿಸಿಕೊಳ್ಳಿ.