ಚೆಂಡೆ ಪೆಟ್ಟು ಬಿದ್ರೆ ಪದ್ಯ ಮಾಯ: ಯಕ್ಷಗಾನ ಲೈವ್ ಮಾಡಿ ಕಲ್ತದ್ದು

ನಾನು ಯಕ್ಷಗಾನ ಲೈವ್ ಮಾಡ್ಲಿಕ್ಕೆ ಹೊರಟವನೇ ಅಲ್ಲ. 2017ರ ಫೆಬ್ರವರಿ, ನಮ್ಮ ಮನೆ ಹತ್ರದ ಗದ್ದೆಯಲ್ಲಿ ಹರಕೆ ಆಟ (ಹರಕೆ ಹೊತ್ತವರು ಆಡಿಸುವ ಯಕ್ಷಗಾನ), ದುಬೈಯಲ್ಲಿದ್ದ ಭಾವನಿಗೆ ರಜೆ ಸಿಗ್ಲಿಲ್ಲ, "ಸ್ವಲ್ಪ ತೋರಿಸು ಮಾರಾಯ, ಚೌಕಿ ಪೂಜೆ ಆದ್ರೂ ನೋಡ್ತೇನೆ" ಅಂದ. ಚೌಕಿ ಅಂದ್ರೆ ಕಲಾವಿದ್ರು ಬಣ್ಣ ಹಚ್ಚಿ ವೇಷ ಕಟ್ಟುವ ಜಾಗ. ಜಿಯೋ ನೆಟ್ ಆಗ ಇನ್ನೂ ಫ್ರೀ. ಪ್ಲಾಸ್ಟಿಕ್ ಕುರ್ಚಿಯ ಬೆನ್ನಿಗೆ ಫೋನನ್ನು ಪಂಚೆಯ ಅಂಚಿಂದ ಕಟ್ಟಿ ಫೇಸ್‌ಬುಕ್ ಲೈವ್ ಹಾಕಿದೆ, ಚಾ ಕುಡ್ದು ಬಂದು ನೋಡ್ತೇನೆ, ಭಾವ ಒಬ್ಬನಲ್ಲ, ನೂರಕ್ಕೆ ಹತ್ರ ಜನ ಕೂತಿದ್ದಾರೆ. ಬಹ್ರೇನ್, ಕುವೈಟ್, ಮುಂಬೈ, ಯಾರ್ಯಾರೋ. ನನಗೆ ಅವರಲ್ಲಿ ಹತ್ತು ಜನರ ಪರಿಚಯವೂ ಇಲ್ಲ. ಎಲ್ಲರದ್ದೂ ಒಂದೇ ಕಮೆಂಟು: "ಸೌಂಡ್ ಸರಿ ಇಲ್ಲ ಮಾರಾಯ್ರೆ".

ಆ ಸೌಂಡ್ ಸರಿ ಮಾಡ್ಲಿಕ್ಕೆ ನನಗೆ ಎರಡು ತಿರುಗಾಟ (ಮೇಳಗಳು ಊರೂರು ತಿರುಗಿ ಆಟ ಆಡುವ ಸೀಸನ್) ಬೇಕಾಯ್ತು, ಅಂದ್ರೆ ಎರಡು ವರ್ಷ. ಹೊಸಬರು ಯಾರಾದ್ರೂ ಲೈವ್ ಶುರು ಮಾಡುದಿದ್ರೆ ಕೇಳಿ, ಕ್ಯಾಮರಾ ಆಮೇಲೆ, ಮೊದಲು ಸೌಂಡ್. ಚಿತ್ರ ಸ್ವಲ್ಪ ಮಂಜಾದ್ರೆ ಜನ ಸಹಿಸ್ತಾರೆ, ಪದ್ಯ ಕೇಳದಿದ್ರೆ ಒಂದು ನಿಮಿಷ ನಿಲ್ಲುದಿಲ್ಲ. ಫೋನಿನ ಮೈಕ್ ಇದ್ಯಲ್ಲ, ಅದು ತನ್ನಷ್ಟಕ್ಕೇ ಸೌಂಡ್ ಏರಿಸ್ತಾ ಇಳಿಸ್ತಾ ಇರ್ತದೆ. ಮಾತಾಡುವಾಗ ಅದು ಒಳ್ಳೇದೇ. ಆದ್ರೆ ಚೆಂಡೆ ಪೆಟ್ಟು ಬಿದ್ದ ಕೂಡ್ಲೆ ಅದು ಹೆದರಿ ಎಲ್ಲವನ್ನೂ ಒಟ್ಟಿಗೆ ಇಳಿಸಿಬಿಡ್ತದೆ, ಪದ್ಯ ಹೇಳುವ ಭಾಗವತರ ಸ್ವರ ಬಾವಿಯೊಳಗೆ ಹೋದ ಹಾಗೆ, ಚೆಂಡೆ ನಿಂತ ಮೇಲೆ ನಿಧಾನಕ್ಕೆ ಮೇಲೆ ಬರ್ತದೆ, ಅಷ್ಟರಲ್ಲಿ ಇನ್ನೊಂದು ಪೆಟ್ಟು. ರೋಷದ, ವೇಗದ ಏರು ಪದ್ಯದಲ್ಲಿ ಅಂತೂ ಕೇಳುದೇ ಬೇಡ.

ಹಾಗಾದ್ರೆ ಮೈಕಿನವರ ಮಿಕ್ಸರಿಂದಲೇ ಒಂದು ಲೈನ್ ತೆಗೊಳ್ಳುವ ಅಂತ ಹೋದೆ. ಬೇಡಿ ಕಾಡಿ ಒಂದು ಔಟ್ ಸಿಕ್ಕಿತು. ಪದ್ಯ ಸಮಾ ಬಂತು, ಭಾಗವತರು ಉಸಿರು ಎಳ್ಕೊಳ್ಳುದು ಸಹ ಕೇಳ್ತದೆ. ಆದ್ರೆ ಚೆಂಡೆ? ತಗಡಿನ ಡಬ್ಬ ಬಡ್ದ ಹಾಗೆ. ಯಾಕೆ ಅಂದ್ರೆ ಚೆಂಡೆಗೆ ಮೈಕೇ ಬೇಡ, ಅದು ಗದ್ದೆ ದಾಟಿ ಆಚೆ ಊರಿಗೆ ಕೇಳ್ತದೆ, ಹಾಗಾಗಿ ಮಿಕ್ಸರಿನಲ್ಲಿ ಅದರ ಪಾಲು ಇದ್ದೂ ಇಲ್ಲದ ಹಾಗೆ. ಸರಿ, ಪ್ರೇಕ್ಷಕರು ಕೂತಲ್ಲಿ ಇನ್ನೊಂದು ಮೈಕ್ ಇಟ್ಟೆ. ಈಗ ಒಂದೊಂದು ಪೆಟ್ಟು ಎರಡೆರಡು ಸರ್ತಿ ಕೇಳ್ಲಿಕ್ಕೆ ಶುರು. ಲೆಕ್ಕ ಹಾಕಿದ್ರೆ ಸುಲಭ: ಮಿಕ್ಸರಿನ ಲೈನ್ ತಕ್ಷಣ ಬರ್ತದೆ, 15 ಮೀಟರ್ ದೂರದ ಮೈಕಿಗೆ ಶಬ್ದ ಗಾಳಿಯಲ್ಲಿ ನಡ್ಕೊಂಡು ಬರ್ಲಿಕ್ಕೆ ಸುಮಾರು 44 ಮಿಲಿಸೆಕೆಂಡ್ ಬೇಕು. ತಾಳದ ಆಟದಲ್ಲಿ ಅಷ್ಟು ಸಾಕು ಕೆಡ್ಲಿಕ್ಕೆ. ಕಡೆಗೆ ಆ ಮೈಕನ್ನು ರಂಗಸ್ಥಳದ ಬದಿಗೇ, ಚೆಂಡೆಯವರ ಹಿಂದೆ ಎರಡು ಮೀಟರ್ ದೂರಕ್ಕೆ ತಂದು ನಿಲ್ಲಿಸಿದ ಮೇಲೆ ಸರಿ ಆಯ್ತು. ಇದನ್ನು ನನಗೆ ಹೇಳಿಕೊಟ್ಟದ್ದು ಯಾವ ಎಂಜಿನಿಯರೂ ಅಲ್ಲ, ಕಮೆಂಟಿನಲ್ಲಿ "ಮೈಕ್ ಎಲ್ಲಿ ಇಟ್ಟಿದ್ದೀರಿ" ಅಂತ ದಿನಾ ಕೇಳ್ತಾ ಇದ್ದ ಒಬ್ರು, ಮಸ್ಕತ್ತಿನಲ್ಲಿ ಎಸಿ ರಿಪೇರಿ ಕೆಲಸದವರು.

ನೆಟ್ಟಿನ ಕತೆ ಬೇಗ ಮುಗಿಸ್ತೇನೆ. ಮಧ್ಯಾಹ್ನ ಗದ್ದೆಗೆ ಹೋಗಿ ಸ್ಪೀಡ್ ನೋಡಿ ಖುಷಿ ಪಡ್ಬೇಡಿ. ರಾತ್ರಿ ಸಾವಿರ ಜನ ಬಂದು ಅದೇ ಟವರಿಗೆ ಬೀಳ್ತಾರೆ, ಮಧ್ಯಾಹ್ನ 12 ಎಂಬಿಪಿಎಸ್ ಅಪ್‌ಲೋಡ್ ಇದ್ದದ್ದು ಒಡ್ಡೋಲಗದ (ಪಾತ್ರಗಳು ಮೊದಲು ರಂಗಕ್ಕೆ ಬರುವ) ಹೊತ್ತಿಗೆ ಒಂದಕ್ಕೆ ಬರ್ತದೆ. 720ರಲ್ಲಿ ಲೈವ್ ಹಾಕ್ಲಿಕ್ಕೆ ಮೂರಾದ್ರೂ ಬೇಕೇ ಬೇಕು. ಹತ್ರದ ಮನೆಯಲ್ಲಿ ಫೈಬರ್ ಉಂಟಾ ಕೇಳಿ, ಅವರ ಮನೆಯಿಂದ ಲ್ಯಾನ್ ಕೇಬಲ್ ಎಳೀರಿ, ಕೇಬಲ್ 100 ಮೀಟರ್ ದಾಟಿದ್ರೆ ನಡುವೆ ಒಂದು ಸ್ವಿಚ್ ಹಾಕಿ. ಮತ್ತೆ ಕೇಬಲ್ ನೆಲದಲ್ಲಿ ಬಿಡ್ಬೇಡಿ. ನಮ್ದು ಒಮ್ಮೆ ಚರುಮುರಿ ಗಾಡಿಯ ಚಕ್ರಕ್ಕೆ ಸಿಕ್ಕಿ, ಯುದ್ಧದ ನಡುವೆ ಲೈವ್ ಹೋಯ್ತು, ಅಲ್ಲಿಂದ ಬೆಳಿಗ್ಗೆವರೆಗೆ ನನ್ನ ಫೋನಿಗೆ ಬಂದ ಕಾಲ್ ಮದುವೆ ಮನೆಯವನಿಗೂ ಬರ್ಲಿಕ್ಕಿಲ್ಲ.

ಕ್ಯಾಮರಾಕ್ಕೆ ನಿಜವಾದ ಪರೀಕ್ಷೆ ದೇವಿ ಮಹಾತ್ಮೆ ಪ್ರಸಂಗ. ಗೊತ್ತಿಲ್ಲದವರಿಗೆ ಹೇಳುದಾದ್ರೆ, ಅದರಲ್ಲಿ ಮಹಿಷಾಸುರ ಚೌಕಿಯಿಂದ ರಂಗಸ್ಥಳಕ್ಕೆ ಸೀದಾ ಬರುದಿಲ್ಲ, ಜನರ ಹಿಂದಿನಿಂದ, ದೊಂದಿ ಬೆಳಕಿನಲ್ಲಿ, ಬೊಬ್ಬೆ ಹಾಕ್ತಾ ಜನರ ನಡುವಿಂದ ಬರುದು. ದೊಂದಿಗೆ ರಾಳದ ಹುಡಿ ಎಸೀತಾರೆ, ಭುಗ್ಗನೆ ಬೆಂಕಿ. ಸಣ್ಣದಿರುವಾಗ ನಾನು ಆ ಹೊತ್ತಿಗೆ ಅಜ್ಜಿಯ ಸೆರಗಿನೊಳಗೆ. ಲೈವಿಗೆ ಇದನ್ನು ಹಿಡೀಬೇಕು ಅಂತ ಮೊದಲ ವರ್ಷ ನಡುವಿನ ದಾರಿಗೆ ಕ್ಯಾಮರಾ ತಿರುಗಿಸಿ ಕಾದೆ. ಬೊಬ್ಬೆ ಕೇಳಿತು, ಕೂತವರೆಲ್ಲ ಎದ್ದರು, ಎದ್ದವರೆಲ್ಲ ಕೈ ಮೇಲೆ ಮಾಡಿದ್ರು, ಆ ಎಲ್ಲ ಕೈಯಲ್ಲಿ ಫೋನು. ನನ್ನ ಕ್ಯಾಮರಾದಲ್ಲಿ ಬಂದದ್ದು ಮಹಿಷಾಸುರ ಅಲ್ಲ, ಐವತ್ತು ಸಣ್ಣ ಸಣ್ಣ ಸ್ಕ್ರೀನಿನಲ್ಲಿ ಐವತ್ತು ಸಣ್ಣ ಸಣ್ಣ ಮಹಿಷಾಸುರ. ಬೆಂಕಿ ಭುಗ್ಗ ಅಂದಾಗ ಚಿತ್ರ ಪೂರ್ತಿ ಬಿಳಿ. ಮರುವರ್ಷ ಅಡಿಕೆ ಮರದ ಅಟ್ಟ ಕಟ್ಟಿ ಎಂಟಡಿ ಮೇಲೆ ಕ್ಯಾಮರಾ ಇಟ್ಟೆ, ಎಕ್ಸ್‌ಪೋಶರ್ ಆಟೋದಿಂದ ತೆಗೆದು ಬೆಂಕಿಗೆ ಸರಿಯಾಗಿ ಲಾಕ್ ಮಾಡಿದೆ, ಎಲ್‌ಇಡಿ ಲೈಟಿನ ಪಟ್ಟೆ ಬರ್ಬಾರದು ಅಂತ ಶಟರ್ ಸ್ಪೀಡ್ 1/50 ಸೆಕೆಂಡಿಗೆ ಇಟ್ಟೆ. ಲಾಯ್ಕ ಬಂತು. ಆದ್ರೆ ಒಂದು ವಿಷಯ ಹೇಳ್ಬೇಕು, ಮೇಲಿಂದ ನೋಡಿದ್ರೆ ಮಹಿಷಾಸುರ ಸಣ್ಣ ಕಾಣ್ತಾನೆ. ನೆಲದಲ್ಲಿ ಕೂತ ಮಗುವಿಗೆ ಕಂಡ ಹಾಗೆ ಯಾವ ಆಂಗಲ್ಲಿಗೂ ಬರುದಿಲ್ಲ.

ಈಗ ಅಭಿಮಾನಿಗಳ ವಿಷಯಕ್ಕೆ ಬರ್ತೇನೆ. ನನ್ನ ಅಪ್ಪನ ಕಾಲದಲ್ಲಿ ಆಟದ ಮರ್ಲು (ಹುಚ್ಚು) ಅಂದ್ರೆ ತೆಂಗಿನ ಗರಿಯ ಸೂಟೆ ಹಿಡ್ಕೊಂಡು ನಾಲ್ಕು ಮೈಲು ನಡ್ದು ಹೋಗಿ ಬೆಳಿಗ್ಗೆ ಮಂಗಳ ಹಾಡಿ ಆಟ ಮುಗಿದ ಮೇಲೆ ತೂಕಡಿಸ್ತಾ ಬರುದು. ಆಮೇಲೆ ಕ್ಯಾಸೆಟ್ ಬಂತು. ಭಾಗವತ ಕಾಳಿಂಗ ನಾವಡರು 1990ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಹೋದ್ರು, ಆಗ ಅವರಿಗೆ ವಯಸ್ಸು ಮೂವತ್ತೆರಡೂ ತುಂಬಿರ್ಲಿಲ್ಲ, ನಾನು ಅವರನ್ನು ನೋಡಿದವನಲ್ಲ, ಆದ್ರೆ ನಮ್ಮ ಮನೆಯಲ್ಲಿ ರೀಲು ಸಿಕ್ಕಿಹಾಕಿಕೊಂಡಾಗೆಲ್ಲ ಪೆನ್ಸಿಲ್ ತೂರಿಸಿ ತಿರುಗಿಸಿ ತಿರುಗಿಸಿ ಅವರ ಪದ್ಯ ಬಾಯಿಪಾಠ ಆಗಿತ್ತು. ಅಂಥ ಒಂದು ಕ್ಯಾಸೆಟನ್ನು, ಮನೆಯಲ್ಲೇ ರೆಕಾರ್ಡ್ ಮಾಡಿದ್ದು, ಕಂಪ್ಯೂಟರಿಗೆ ಹಾಕಿ ಯೂಟ್ಯೂಬಿಗೆ ಬಿಟ್ಟೆ. ಅದರ ಮೇಲೆ ಎಂತದೂ ಬರೆದಿರ್ಲಿಲ್ಲ, "ಆಟ - 2" ಅಂತ ಮಾತ್ರ. ಎರಡು ದಿನದಲ್ಲಿ ಕಮೆಂಟಿನಲ್ಲಿ ಒಬ್ರು ಅದು ಯಾವ ಪ್ರಸಂಗ ಅಂದ್ರು, ಇನ್ನೊಬ್ರು ಮದ್ದಳೆಯ ಮುಕ್ತಾಯ ಕೇಳಿಯೇ ಮದ್ದಳೆ ಯಾರದ್ದು ಅಂತ ಹೇಳಿದ್ರು, ಮೂರನೆಯವರು ಹಿಂದೆ ಕೆಮ್ಮುದು ತನ್ನ ಮಾವ ಅಂತ! ಅದು ಸುಳ್ಳೂ ಇರ್ಬಹುದು, ಆದ್ರೆ ಆ ಮೂರು ಜನ ಒಂದೇ ಕಡೆ ಕೂತು ಒಂದು ಕ್ಯಾಸೆಟ್ ಕೇಳುದು ಮೊದಲು ಸಾಧ್ಯವೇ ಇರ್ಲಿಲ್ಲ.

ಇದು ಒಳ್ಳೆಯ ಪಾಲು. ಇನ್ನೊಂದು ಪಾಲಿನಲ್ಲಿ ನನ್ನ ತಪ್ಪೂ ಉಂಟು.

ಯೂಟ್ಯೂಬಿನಲ್ಲಿ ದುಡ್ಡು ಬರ್ಲಿಕ್ಕೆ ಸಾವಿರ ಸಬ್‌ಸ್ಕ್ರೈಬರ್, ವರ್ಷಕ್ಕೆ 4,000 ಗಂಟೆ ನೋಡಿರ್ಬೇಕು ಅಂತ 2018ರಲ್ಲಿ ರೂಲ್ ಬಂತು. ಇಡೀ ರಾತ್ರಿಯ ಎಂಟು ಗಂಟೆಯ ವಿಡಿಯೋದಲ್ಲಿ ಗಂಟೆ ಬೇಗ ತುಂಬ್ತದೆ, ಆದ್ರೆ ಹೊಸ ಜನ ಬರುದು ಮೂರು ನಿಮಿಷದ ಕ್ಲಿಪ್ಪಿಗೆ. ಹಾಗಾಗಿ ನಾನು ತುಂಡು ಮಾಡ್ಲಿಕ್ಕೆ ಶುರು ಮಾಡಿದೆ. ಒಂದು ಏರು ಪದ್ಯ, ಒಂದು ಧೀಂಗಿಣ (ಗಿರಗಿರ ಸುತ್ತಿ ಹಾರುವ ಕುಣಿತ), ಒಂದು ಹಾಸ್ಯ. ಯೂಟ್ಯೂಬ್ ಒಂದು ಗ್ರಾಫ್ ತೋರಿಸ್ತದೆ, ಜನ ಎಲ್ಲಿ ನೋಡಿದ್ರು ಎಲ್ಲಿ ಬಿಟ್ರು ಅಂತ. ವೇಷ ಪ್ರವೇಶಕ್ಕೆ ಗೆರೆ ಮೇಲೆ, ಪಾತ್ರ ತನ್ನ ಪರಿಚಯ ಹೇಳುವ ಪೀಠಿಕೆ ಶುರು ಆದ್ರೆ ಕೆಳಗೆ, ಕುಣಿತಕ್ಕೆ ಮೇಲೆ, ಪದ್ಯದ ಮೇಲಿನ ಮಾತು, ಅಂದ್ರೆ ಅರ್ಥಗಾರಿಕೆಗೆ ಪಾತಾಳ. ನಾನು ಆ ಗೆರೆ ನೋಡಿ ನೋಡಿ ಅರ್ಥ ಎಲ್ಲ ಕತ್ತರಿಸಿ ಹಾಕಿದೆ. ನಮ್ಮ ಚಾನೆಲ್ ನೋಡಿ ಯಕ್ಷಗಾನ ಕಲ್ತ ಹುಡುಗರಿಗೆ ಯಕ್ಷಗಾನ ಅಂದ್ರೆ ಧೀಂಗಿಣ ಲೆಕ್ಕ ಮಾಡುದು ಅಂತ ಆಯ್ತು. ಆಟದಲ್ಲಿ ಎದುರು ಕೂತು "ಮೂವತ್ತಾರು, ಮೂವತ್ತೇಳು" ಅಂತ ಎಣಿಸ್ತಾರೆ, ಧೀಂಗಿಣ ಮುಗಿದು ಮಾತು ಶುರು ಆದ್ರೆ ಚರುಮುರಿಗೆ ಹೋಗ್ತಾರೆ. ಒಬ್ಬ ಎಳೆ ಭಾಗವತರು ಚೌಕಿಯಲ್ಲಿ ನನ್ನನ್ನು ಬದಿಗೆ ಕರೆದು "ಮೊನ್ನೆದ್ರಲ್ಲಿ ಯಾವ ಪದ್ಯಕ್ಕೆ ವ್ಯೂಸ್ ಜಾಸ್ತಿ ಬಂತು?" ಅಂತ ಕೇಳಿದ್ರು. ಹೇಳಿದೆ. ಆ ರಾತ್ರಿ ಅದೇ ರಾಗದಲ್ಲಿ ಅದೇ ಆಲಾಪ, ಮೊನ್ನೆಗಿಂತ ಒಂದು ಸುತ್ತು ಜಾಸ್ತಿ. ಭಾಗವತರದ್ದು ತಪ್ಪು ಅಂತ ನಾನು ಹೇಳುದಿಲ್ಲ, ಕೇಳಿದ್ದಕ್ಕೆ ಉತ್ತರ ಕೊಟ್ಟವ ನಾನು.

ಅದಕ್ಕಿಂತ ಬೇಜಾರಿನದ್ದು ಇನ್ನೊಂದು. ಒಬ್ಬ ಸ್ತ್ರೀವೇಷದವರು, ಒಳ್ಳೆ ಕಲಾವಿದ್ರು, ಬೆಳಗ್ಗಿನ ಜಾವ ನಿದ್ದೆಯ ಅಮಲಿನಲ್ಲಿ ಬೇರೆಯೇ ಪ್ರಸಂಗದ ಮಾತು ಹೇಳಿಬಿಟ್ರು, ಎದುರು ವೇಷದವರು ತಮಾಷೆ ಮಾಡಿ ದಾಟಿಸಿದ್ರು, ಜನ ನಗಾಡಿದ್ರು, ಮುಗೀತು. ನಾನು ಅದನ್ನು 50 ಸೆಕೆಂಡಿಗೆ ಕತ್ತರಿಸಿ ಹಾಕಿದೆ. ಓಡಿತು ಮಾರಾಯ್ರೆ. ಯಾರೋ ನಮ್ಮ ಲೋಗೋ ತೆಗೆದು ಅವರ ಲೋಗೋ ಹಾಕಿ ವಾಟ್ಸಾಪಿಗೆ ಬಿಟ್ರು. ನಾಲ್ಕು ದಿನ ಕಳ್ದು ಆ ಸ್ತ್ರೀವೇಷದವರು ಸಿಕ್ಕಿದ್ರು, ಬೈಲಿಲ್ಲ. "ಹೆಂಡತಿಯ ಅಣ್ಣ ಬೊಂಬಾಯಿಂದ ಫೋನ್ ಮಾಡಿ ನಗಾಡಿದ್ರು, ಮಗಳಿಗೆ ಶಾಲೆಯಲ್ಲಿ ತೋರಿಸಿದ್ರಂತೆ" ಅಂದ್ರು, ಮತ್ತೆ ಗೆಜ್ಜೆ ಕಟ್ಲಿಕ್ಕೆ ಬಗ್ಗಿದ್ರು. ನಾನು ಅಲ್ಲೇ ನಿಂತು ಡಿಲೀಟ್ ಮಾಡಿದೆ, ಆದ್ರೆ ವಾಟ್ಸಾಪಿನಲ್ಲಿ ಹೋದದ್ದನ್ನು ಯಾರು ಡಿಲೀಟ್ ಮಾಡುದು? ಅಲ್ಲಿಂದ ನಮ್ಮಲ್ಲಿ ಒಂದು ಕ್ರಮ: ತಪ್ಪಿದ್ದನ್ನು ಕ್ಲಿಪ್ ಮಾಡುದಿಲ್ಲ, ಕ್ಲಿಪ್ ಹಾಕುವ ಮೊದಲು ಕಲಾವಿದ್ರಿಗೆ ಕಳಿಸಿ ಕೇಳುದು, ಇಡೀ ಪ್ರಸಂಗದ ವಿಡಿಯೋಕ್ಕೆ ಕೆಳಗೆ ಟೈಮ್ ಬರೆದು ಹಾಕುದು, ಯಾವ ಪಾತ್ರ ಎಷ್ಟು ಹೊತ್ತಿಗೆ ಬರ್ತದೆ, ಸಂವಾದ ಎಲ್ಲಿಂದ ಎಲ್ಲಿಗೆ ಅಂತ. ವ್ಯೂಸ್ ಇಳೀತು, ಅದು ಸತ್ಯ. ಆದ್ರೆ ಸಂವಾದದ ಟೈಮಿಗೆ ಒತ್ತಿ ನೋಡುವವರು ಇದ್ದಾರೆ, ನಾನು ಅಂದುಕೊಂಡದ್ದಕ್ಕಿಂತ ಜಾಸ್ತಿಯೇ ಇದ್ದಾರೆ.

ಸಂವಾದದ ಮಾತು ಬಂತಲ್ಲ, 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆಗಿ ಮೇಳಗಳು ಪತ್ತನಾಜೆಗೆ (ತಿರುಗಾಟ ಮುಗಿಯುವ ದಿನ) ಎರಡು ತಿಂಗಳು ಇರುವಾಗಲೇ ತಿರುಗಾಟ ನಿಲ್ಲಿಸಿ ಗಂಟುಮೂಟೆ ಕಟ್ಟಿದ್ವು. ಕಲಾವಿದ್ರೆಲ್ಲ ಮನೆಯಲ್ಲಿ. ಝೂಮಿನಲ್ಲಿ ತಾಳಮದ್ದಳೆ (ವೇಷ, ಕುಣಿತ ಇಲ್ಲದೆ ಕೂತು ಪದ್ಯ, ಮಾತು ಮಾತ್ರ) ಮಾಡುವ ಅಂತ ಹೊರಟೆವು. ಮಾತು ಬಂತು, ಪದ್ಯ ಬಂತು, ಚೆಂಡೆ ಮಾತ್ರ ಇಲ್ಲ! ಚೆಂಡೆಯವರು ಅವರ ಚಾವಡಿಯಲ್ಲಿ ಕೂತು ಬಡೀತಾ ಇದ್ದಾರೆ, ಕೈ ಕಾಣ್ತದೆ, ಶಬ್ದ ಇಲ್ಲ. ಆ ಆ್ಯಪಿಗೆ ಚೆಂಡೆ ಅಂದ್ರೆ ಹಿಂದಿನ ಗಲಾಟೆ, ಅದನ್ನು ನುಂಗಿಬಿಡ್ತದೆ. ಸೆಟ್ಟಿಂಗಿನಲ್ಲಿ ಒರಿಜಿನಲ್ ಸೌಂಡ್ ಅಂತ ಒಂದು ಉಂಟು, ಅದನ್ನು ಹಾಕಿದ ಮೇಲೆ ಬಂತು, ಆದ್ರೆ ಪದ್ಯಕ್ಕಿಂತ ಅರ್ಧ ಸೆಕೆಂಡ್ ಹಿಂದೆ. ಒಂದೊಂದು ಮನೆಯಲ್ಲಿ ಒಬ್ಬೊಬ್ಬ ಕೂತು ತಾಳ ಹೊಂದಿಸ್ಲಿಕ್ಕೆ ಆಗುದೇ ಇಲ್ಲ, ಅದು ಬಿಟ್ಟುಬಿಡಿ. ಸಡಿಲ ಆದ ಮೇಲೆ ಐದಾರು ಜನರನ್ನು ಒಂದೇ ಮನೆಗೆ ಕರೆಸಿ, ದೂರ ದೂರ ಕೂರಿಸಿ ಲೈವ್ ಮಾಡಿದೆವು. ಅರ್ಥಧಾರಿಗಳಿಗೆ ಎದುರು ಜನ ಇಲ್ಲದೆ ಮಾತೇ ಹೊರಡ್ಲಿಲ್ಲ. ಹಿರಿಯರೊಬ್ರು ವಾದದ ನಡುವೆ ನನ್ನ ಕಡೆ ತಿರುಗಿ "ಯಾರಾದ್ರೂ ನಗಾಡಿದ್ರಾ ನೋಡು ಮಾರಾಯ" ಅಂದ್ರು. ನಾನು ಕಮೆಂಟ್ ನೋಡಿ ಹೆಬ್ಬೆರಳು ಎತ್ತಿದೆ, ಆಗ ಅವರಿಗೆ ಜೀವ ಬಂತು. ನಿಜ ಹೇಳ್ಬೇಕಾದ್ರೆ ಆಗ ಒಂದೂ ಕಮೆಂಟ್ ಬಂದಿರ್ಲಿಲ್ಲ.

ಈಗ ಹರಕೆ ಆಟದ ಆಮಂತ್ರಣದಲ್ಲೇ ನಮ್ಮ ಕ್ಯೂಆರ್ ಕೋಡ್ ಹಾಕ್ತಾರೆ, ಲೈವಿನ ಖರ್ಚು ಸೇವೆ ಮಾಡಿಸುವ ಮನೆಯವರದ್ದೇ. ನಾನು ಸಹ ಪಳಗಿದ್ದೇನೆ ಅಂತ ಗ್ರಹಿಸಿದ್ದೆ, ಕಳೆದ ತಿರುಗಾಟದಲ್ಲಿ ಒಂದು ದಿನ ಮಂಗಳ ಆಯ್ತು, ಲೈವ್ ಆಫ್ ಮಾಡಿದ್ದೇನೆ ಅಂತ ತಿಳ್ಕೊಂಡು ಕೇಬಲ್ ಸುತ್ತಲಿಕ್ಕೆ ಹೋದೆ. ಆಫ್ ಆಗಿರ್ಲಿಲ್ಲ. ನಮ್ಮ ಹುಡುಗ ಗೋಳಿಬಜೆ ತಂದಿದ್ದ, ಚಟ್ನಿ ತರ್ಲಿಲ್ಲ ಅಂತ ನಾನು ಅವನಿಗೆ ಬೈದದ್ದು, ಮೈಕಿನವರು ವಯರ್ ಎಳ್ದದ್ದು, ಬಣ್ಣದ ವೇಷದವರು ಚೌಕಿಯ ಬಾಗಿಲಲ್ಲಿ ಕೂತು ತೆಂಗಿನೆಣ್ಣೆ ಹಚ್ಚಿ ಮುಖ ಉಜ್ಜಿದ್ದು, ಎಲ್ಲ ಹೋಯ್ತು. ಇಪ್ಪತ್ತು ನಿಮಿಷ. ಕಡೆಗೆ ಫೋನ್ ತೆಗೆದು ನೋಡಿದ್ರೆ ಅರವತ್ತಮೂರು ಜನ ಇನ್ನೂ ಕೂತಿದ್ದಾರೆ. ಕುವೈಟಿನಲ್ಲಿ ನೈಟ್ ಡ್ಯೂಟಿ ಮುಗಿಸಿದ ನರ್ಸ್ ಒಬ್ರದ್ದು ಕಮೆಂಟು: "ಆಫ್ ಮಾಡ್ಬೇಡಿ, ಬೆಳಕು ಹರಿಯುದು ನೋಡ್ತಾ ಇದ್ದೇನೆ." ಅದರ ಕೆಳಗೆ ಇನ್ನೊಬ್ರು: "ಚಟ್ನಿ ಸಿಕ್ಕಿತಾ?"

ಈಗ ಮಂಗಳ ಆದ ಮೇಲೆ ಕ್ಯಾಮರಾ ಅರ್ಧ ಗಂಟೆ ಹಾಗೇ ಬಿಡ್ತೇವೆ. ಮೈಕ್ ಮಾತ್ರ ನಾನೇ ಹೋಗಿ ಕೈಯಾರೆ ತೆಗೀತೇನೆ.